ಕೃತಕ ಹುಲ್ಲಿನ ಮೈದಾನಕ್ಕೆ ಎಂಥ ಬೂಟು?

(ಯುವಕ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಭತ್ತ, ಅಡಿಕೆ, ಗೊಬ್ಬರಗಳ ವಿಷಯ ಬಿಟ್ಟು ಈ ದಿನ ಕಾಲ್ಚೆಂಡಿನ ಬೂಟಿನ ಮಾತೆತ್ತಿದ್ದಕ್ಕೆ ಕೆಲವರು ನಗಬಹುದು. ಆದರೆ ನಮ್ಮ ಹುಡುಗರು ಈಗ ಶಿವಮೊಗ್ಗ, ಭದ್ರಾವತಿಗಳ ಕಡೆ ಹೋಗಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಕ್ಕುವ ಟರ್ಫ್ ಮೈದಾನಗಳಲ್ಲಿ ಆಡುತ್ತಿದ್ದಾರೆ. ಬೂಟು ಕೊಳ್ಳುವುದು ಅಡಿಕೆ ಮಾರಿದ ಹಣದಿಂದ. ಹುಡುಗ ಮಂಡಿ ಮುರಿದುಕೊಂಡು ಕುಳಿತರೆ ಗದ್ದೆಗೆ ಒಂದು ಆಳು ಕಡಿಮೆ. ಆದುದರಿಂದ ಇದು ನಮ್ಮ ಮನೆಯ ವಿಷಯವೇ.

ಈ ಹುಲ್ಲು ಪ್ಲಾಸ್ಟಿಕ್ಕಿನದು. 1966ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಆಸ್ಟ್ರೋಡೋಮ್ ಎಂಬ ಮುಚ್ಚಿದ ಕ್ರೀಡಾಂಗಣದೊಳಗೆ ಬಿಸಿಲು ಸಾಲದೆ ನಿಜವಾದ ಹುಲ್ಲು ಸತ್ತಾಗ ಇದನ್ನು ಹಾಸಿದರು. ನಮ್ಮ ರಾಜ್ಯದಲ್ಲಿ 2013ರಲ್ಲಿ ಬೆಂಗಳೂರು ಎಫ್.ಸಿ. ತಂಡ ಆರಂಭವಾದಾಗ ಅದರ ತವರು ಪಂದ್ಯಗಳು ನಡೆದದ್ದು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದ ಕೃತಕ ಹುಲ್ಲಿನ ಮೇಲೆಯೇ. ಈಗಿನ ಹಾಸುಗಳಲ್ಲಿ ಸಾಮಾನ್ಯವಾಗಿ ಎಳೆಗಳು 40ರಿಂದ 60 ಮಿಲಿಮೀಟರ್ ಉದ್ದ. ಸಂದಿನಲ್ಲಿ ಕೆಳಗೆ ಮರಳು, ಮೇಲೆ ಕಪ್ಪು ರಬ್ಬರ್ ಕಾಳು.

ಮಣ್ಣಿಗೂ ಇದಕ್ಕೂ ಇರುವ ಭೇದ ರೈತನಿಗೆ ಬೇಗ ತಿಳಿಯುತ್ತದೆ. ಹದವಾದ ಮಣ್ಣಿನಲ್ಲಿ ಬೂಟಿನ ಸ್ಟಡ್ ಇಳಿಯುತ್ತದೆ. ಆಟಗಾರ ಗಕ್ಕನೆ ತಿರುಗಿದರೆ ಮಣ್ಣು ಹೆಂಟೆಯಾಗಿ ಕಿತ್ತುಬಂದು ಕಾಲನ್ನು ಬಿಟ್ಟುಕೊಡುತ್ತದೆ. ಪ್ಲಾಸ್ಟಿಕ್ ಎಳೆ ಹಾಗೆ ಕಿತ್ತುಬರುವುದಿಲ್ಲ. ಉದ್ದ ಸ್ಟಡ್ ಅದರಲ್ಲಿ ಸಿಕ್ಕಿಕೊಂಡರೆ ಮೈ ತಿರುಗುತ್ತದೆ, ಪಾದ ನಿಂತಲ್ಲೇ ನಿಲ್ಲುತ್ತದೆ, ತಿರುಚು ಮಂಡಿಗೆ ಬೀಳುತ್ತದೆ. ಮಂಡಿಯೊಳಗಿನ ಲಿಗಮೆಂಟ್ ಹರಿದರೆ ತಿಂಗಳುಗಟ್ಟಲೆ ವಿಶ್ರಾಂತಿ, ಅನೇಕ ವೇಳೆ ಶಸ್ತ್ರಚಿಕಿತ್ಸೆ. ಬೂಟೊಂದೇ ಕಾರಣವೆಂದು ಹೇಳಲಾರೆ. ಆದರೆ ನಮ್ಮ ಕೈಯಲ್ಲಿರುವ ಕಾರಣ ಅದು. ಕೆಸರುಗದ್ದೆಯಲ್ಲಿ ಓಡಿಸುವ ಟ್ರಾಕ್ಟರಿನ ಕೇಜ್ ವೀಲನ್ನು ಯಾರೂ ಟಾರು ರಸ್ತೆಗೆ ತರುವುದಿಲ್ಲವಷ್ಟೆ!

ಅಂಗಡಿಯಲ್ಲಿ ಬಣ್ಣ ನೋಡಬೇಡಿ, ಬೂಟಿನ ಅಡಿ ನೋಡಿ. ಡಬ್ಬಿಯ ಮೇಲೆ ಎರಡು ಅಕ್ಷರ ಇರುತ್ತದೆ. ಎಸ್.ಜಿ. ಎಂದರೆ ತೇವದ ಮೆತ್ತನೆ ನೆಲಕ್ಕೆ, ಉದ್ದದ ಲೋಹದ ಸ್ಟಡ್. ಇದನ್ನು ಟರ್ಫಿಗೆ ಹಾಕಲೇ ಕೂಡದು, ಹಾಸೂ ಹರಿಯುತ್ತದೆ. ಎಫ್.ಜಿ. ನಿಜವಾದ ಹುಲ್ಲುನೆಲಕ್ಕೆ, ಪೇಟೆಯಲ್ಲಿ ಹೆಚ್ಚು ಕಾಣಸಿಗುವುದು ಇದೇ, ಹುಡುಗರು ಮೋಸಹೋಗುವುದೂ ಇದರಲ್ಲೇ. ಕೃತಕ ಹುಲ್ಲಿನ ಮೇಲೆ ಬಳಸಿ ಕೆಟ್ಟ ಎಫ್.ಜಿ. ಬೂಟಿಗೆ ಕೆಲವು ಕಂಪನಿಗಳು ಗ್ಯಾರಂಟಿಯನ್ನೂ ಕೊಡುವುದಿಲ್ಲ. ಎ.ಜಿ. ಕೃತಕ ಹುಲ್ಲಿಗೆಂದೇ ಮಾಡಿದ್ದು: ಸ್ಟಡ್ ಗಿಡ್ಡ, ದುಂಡಗೆ, ಸಂಖ್ಯೆಯಲ್ಲಿ ಹೆಚ್ಚು, ಭಾರ ಅಂಗಾಲಿನ ತುಂಬ ಹಂಚಿಹೋಗುತ್ತದೆ. ಟಿ.ಎಫ್. ಎಂಬುದರಲ್ಲಿ ಅಡಿಯ ತುಂಬ ಚಿಕ್ಕ ರಬ್ಬರ್ ಗುಬುಟುಗಳು.

ಒಂದೇ ಜೊತೆ ಕೊಳ್ಳುವ ಶಕ್ತಿಯಿದ್ದವನಿಗೆ ನನ್ನ ಸಲಹೆ ಟಿ.ಎಫ್. ಸುಗ್ಗಿ ಮುಗಿದ ಮೇಲೆ ನಮ್ಮ ಗದ್ದೆಬಯಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಅಲ್ಲಿಯೂ ಅದು ನಡೆಯುತ್ತದೆ. ಮಳೆಗಾಲದ ಕೆಸರಿನಲ್ಲಿ ಮಾತ್ರ ಜಾರುತ್ತದೆ. ವಾರಕ್ಕೆ ನಾಲ್ಕು ದಿನ ಉದ್ದ ಎಳೆಯ ದೊಡ್ಡ ಮೈದಾನದಲ್ಲಿ ಆಡುವವನು ಎ.ಜಿ. ಕೊಳ್ಳಲಿ.

ತಂದೆತಾಯಿಗಳಲ್ಲಿ ಒಂದು ಅರಿಕೆ. "ಬೆಳೆಯುವ ಹುಡುಗ, ಎರಡು ನಂಬರ್ ದೊಡ್ಡದು ಇರಲಿ" ಎನ್ನುವ ರೂಢಿ ಅಂಗಿಗೆ ಸರಿ, ಬೂಟಿಗೆ ಸಲ್ಲದು. ಒಳಗೆ ಪಾದ ಜಾರಿದರೆ ಹಿಮ್ಮಡಿ ಬೊಕ್ಕೆಯೇಳುತ್ತದೆ, ಕಾಲು ಉಳುಕುತ್ತದೆ. ಬೆರಳ ಮುಂದೆ ಅರ್ಧ ಹೆಬ್ಬೆರಳಗಲ ಜಾಗ ಸಾಕು. ಬರಿಗಾಲಲ್ಲಿ ಬೆಳೆದ ನಮ್ಮ ಮಕ್ಕಳ ಪಾದ ಅಗಲ. ಉದ್ದ ಸರಿಹೋದರೂ ಪಕ್ಕ ಹಿಡಿಯುತ್ತದೆಯೇ ನೋಡಬೇಕು. ಸಂಜೆಯ ಹೊತ್ತು ಪಾದ ಸ್ವಲ್ಪ ಊದಿರುತ್ತದೆ. ಆಗಲೇ, ಆಡುವಾಗಿನ ಕಾಲುಚೀಲವನ್ನೇ ಹಾಕಿಕೊಂಡು, ಎರಡು ಕಾಲಿಗೂ ತೊಟ್ಟು ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆಯಲಿ.

ಬೇಸಗೆಯ ನಡುಹಗಲಲ್ಲಿ ಈ ಹಾಸು 60 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುವುದುಂಟು. ಬೆಳಿಗ್ಗೆ ಇಲ್ಲವೇ ಸಂಜೆ ಆಡುವುದು ಮೇಲು. ಆಟ ಮುಗಿದ ಮೇಲೆ ರಬ್ಬರ್ ಕಾಳು ಕೊಡವಿ, ಒದ್ದೆಯಾಗಿದ್ದರೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ, ಒಲೆಯ ಬದಿಗೆ ಇಟ್ಟರೆ ಅಂಟು ಬಿಟ್ಟು ಅಡಿ ಬಾಯಿ ತೆರೆಯುತ್ತದೆ.

ನಾಲ್ಕು ಬಗೆಯ ಬೂಟುಗಳನ್ನೂ ಒಂದೊಂದು ಕಾಲಿನದು ತಂದು ಆ ಮೇಜಿನ ಮೇಲೆ ಇಟ್ಟಿದ್ದೇನೆ. ಹಿರಿಯರೂ ದಯಮಾಡಿ ಬಂದು, ಕೈಯಲ್ಲಿ ಹಿಡಿದು, ಅಡಿ ತಿರುಗಿಸಿ ನೋಡಬೇಕು.