ಕಾಬೂಲಿನ ಹುಡುಗನಿಗೆ ಜೊತೆಗಾರರು ಬೇಕು



2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನರ ವಶವಾಯಿತು. ಅದಕ್ಕೆ ಮೊದಲೇ ಬಂದವರೂ ಆಮೇಲೆ ಬಂದವರೂ ದೆಹಲಿಯ ಲಾಜಪತ್ ನಗರ, ಭೋಗಲ್ ಬೀದಿಗಳಲ್ಲಿ ನೆಲೆಸಿದ್ದಾರೆ. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅವರಿಗೆಂದು ಪ್ರತ್ಯೇಕ ಕಾನೂನೂ ಇಲ್ಲ. ವಿಶ್ವಸಂಸ್ಥೆಯ ಗುರುತಿನ ಚೀಟಿ ಇದ್ದರೂ ಕೆಲಸದ ಹಕ್ಕು ಅದರೊಡನೆ ಬರುವುದಿಲ್ಲ. ಕೂಲಿ ಮುರಿದುಕೊಂಡರೆ ಕೇಳಲು ಸಂಘವಿಲ್ಲ. ಇದರ ಅರ್ಥವನ್ನು ಗಿರಣಿಯಲ್ಲಿ ದುಡಿಯುವ ನಿಮಗೆ ಬಿಡಿಸಿ ಹೇಳಬೇಕೆ?

ಆ ಮನೆಗಳಲ್ಲಿ ಅಪ್ಪ ಅಮ್ಮ ಬಲ್ಲದ್ದು ದರಿ, ಇಲ್ಲವೆ ಪಶ್ತೋ. ಹುಡುಗ ಮಾತ್ರ ಬೀದಿಯಲ್ಲಿ, ಸಿನಿಮಾದಲ್ಲಿ ಹಿಂದಿ ಬೇಗ ಹಿಡಿಯುತ್ತಾನೆ. ಬಾಡಿಗೆಯ ಜಗಳಕ್ಕೂ ಅವನೇ, ವೈದ್ಯರ ಮುಂದೆ ತಾಯಿಯ ಕಾಯಿಲೆ ಹೇಳಲಿಕ್ಕೂ ಅವನೇ. ಹದಿನಾಲ್ಕರ ಹುಡುಗ! ಅಂದಿನ ಪಾಠ ಹೋಯಿತು.

ಇಂಥವರ ಜೊತೆ ನಿಲ್ಲಲು ನಾವು ಸ್ವಯಂಸೇವಕರನ್ನು ಕೇಳುತ್ತಿದ್ದೇವೆ. ಹಳೆಯ ಬಟ್ಟೆ ಹಂಚಿ ಫೋಟೋ ತೆಗೆಸಿಕೊಳ್ಳುವವರನ್ನಲ್ಲ. ಅಂಥವರಿಗೆ ಎಲ್ಲೂ ಬರಗಾಲವಿಲ್ಲ. ವಾರಕ್ಕೊಮ್ಮೆ ಹೇಳಿದ ಹೊತ್ತಿಗೆ ಬರಬೇಕು. ಶಾಲೆಯ ಅರ್ಜಿ ತುಂಬಬೇಕು, ಲೆಕ್ಕ ಹೇಳಿಕೊಡಬೇಕು, ಆಸ್ಪತ್ರೆಗೆ ದರಿ ಬಲ್ಲ ದೊಡ್ಡವರೊಬ್ಬರನ್ನು ಗೊತ್ತುಮಾಡಿ ಹುಡುಗನನ್ನು ತರಗತಿಗೆ ಕಳುಹಿಸಬೇಕು. ಬಿಟ್ಟುಬಂದ ಊರಿನ ಸುದ್ದಿ ಕೆದಕಬಾರದು. ಅವನಾಗಿ ಹೇಳಿದರೆ ಕೇಳಬೇಕು. ಅಕ್ಕತಂಗಿಯರನ್ನೂ ಮರೆಯಬಾರದು: ಅವರ ದೇಶದಲ್ಲಿ ಆರನೆಯ ತರಗತಿಯಾಚೆ ಹೆಣ್ಣುಮಕ್ಕಳಿಗೆ ಶಾಲೆಯೇ ಮುಚ್ಚಿದೆ.

ನಿಮ್ಮ ಮಕ್ಕಳು ದೆಹಲಿಯಲ್ಲಿ ಓದುತ್ತಿದ್ದರೆ, ದುಡಿಯುತ್ತಿದ್ದರೆ ಈ ಮಾತು ಮುಟ್ಟಿಸಿ. ಆದರೆ ಆರು ವಾರ ಬಂದು ಏಳನೆಯ ವಾರ ಮಾಯವಾಗುವವರು ಹೊರಡುವುದೇ ಬೇಡ. ಆ ಮಕ್ಕಳು ಈಗಾಗಲೇ ಬಹಳ ಮಂದಿಯನ್ನು ಕಳೆದುಕೊಂಡು ಬಂದಿದ್ದಾರೆ.