ರಸ್ತೆಬದಿಯ ಲಾಲಾರಸ ಪರೀಕ್ಷೆಯನ್ನು ಎಷ್ಟು ನಂಬಬಹುದು?

(ರಕ್ಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಬಸ್ಸು, ಲಾರಿ, ರಿಕ್ಷಾಗಳನ್ನು ನಡೆಸಿ ಸಂಸಾರ ಸಾಗಿಸುವ ರಕ್ಷಕರು ಈ ಸಭೆಯಲ್ಲಿ ಹಲವರಿದ್ದಾರೆ. ಕೃಷಿಕನಿಗೆ ಗದ್ದೆ ಹೇಗೋ ಅವರಿಗೆ ಲೈಸೆನ್ಸು ಹಾಗೆ. ಮೇಲಿನ ತರಗತಿಯ ಹುಡುಗರಂತೂ ಹದಿನೆಂಟು ತುಂಬುವುದನ್ನೇ ಕಾಯುತ್ತಿದ್ದಾರೆ. ಆದುದರಿಂದ ಮಾದಕ ದ್ರವ್ಯಗಳ ಕೆಡುಕನ್ನು ಕುರಿತ ವಾಡಿಕೆಯ ಉಪದೇಶವನ್ನು ಇಂದು ಬದಿಗಿಟ್ಟು, ಅವುಗಳನ್ನು ಪತ್ತೆಹಚ್ಚುವ ಒಂದು ಪರೀಕ್ಷೆಯ ವಿಚಾರವಾಗಿ ನಾಲ್ಕು ಮಾತು ಹೇಳಬಯಸುತ್ತೇನೆ. ನಮ್ಮ ಕೇರಳದ ಪೊಲೀಸರು ಚಾಲಕರ ಲಾಲಾರಸವನ್ನು ಪರೀಕ್ಷಿಸುವ ವಾಹನವೊಂದನ್ನು 2022ರಲ್ಲಿಯೇ ರಸ್ತೆಗೆ ಇಳಿಸಿದರು. ಆದುದರಿಂದ ಇದು ದೂರದ ದೇಶದ ಸುದ್ದಿಯೆಂದು ತಿಳಿಯಬೇಕಾಗಿಲ್ಲ.

ಕುಡಿದವನನ್ನು ಉಸಿರಿನಿಂದ ಹಿಡಿಯಬಹುದು. ರಕ್ತದಲ್ಲಿ ಬೆರೆತ ಮದ್ಯಸಾರವು ಶ್ವಾಸಕೋಶದಲ್ಲಿ ಆವಿಯಾಗಿ, ಹೆಚ್ಚುಕಡಿಮೆ ಒಂದು ಗೊತ್ತಾದ ಪ್ರಮಾಣದಲ್ಲಿ ಉಸಿರಿಗೆ ಸೇರುತ್ತದೆ. ಗಾಂಜಾ ಮೊದಲಾದವುಗಳಿಗೆ ಈ ಗುಣವಿಲ್ಲ. ಮೂತ್ರವು ಹಲವು ದಿನಗಳ ಹಿಂದಿನ ಸೇವನೆಯನ್ನೂ ಹೇಳಿಬಿಡುತ್ತದೆ. ರಕ್ತ ತೆಗೆಯಲು ವೈದ್ಯರು ಬೇಕು. ಉಳಿದದ್ದು ಲಾಲಾರಸ. ಎಂಜಲೆಂದರೆ ಮಾರು ದೂರ ಸರಿಯುವ ನಮ್ಮವರಿಗೆ ಇದು ಹೇಸಿಗೆಯೆನಿಸಬಹುದು. ಆದರೆ ಸೂಜಿಯಿಲ್ಲ, ನೋವಿಲ್ಲ, ಮರೆ ಬೇಕಿಲ್ಲ. ಬಾಯಿಗಿಡುವ ಕಡ್ಡಿಯು ಒಬ್ಬನಿಗೆ ಒಂದೇ ಸಲ ಬಳಸತಕ್ಕದ್ದು. ಅದರ ಮುಚ್ಚಿದ ಪೊಟ್ಟಣವನ್ನು ತಮ್ಮೆದುರೇ ಒಡೆಯಿರೆಂದು ಕೇಳುವುದರಲ್ಲಿ ಅವಿಧೇಯತೆಯೇನೂ ಇಲ್ಲ. ಅಷ್ಟಾದರೆ ದೇಹಕ್ಕೆ ಭಯವಿಲ್ಲ.

ನಂಬಿಕೆಯ ವಿಷಯ ಬೇರೆ. ಕಡ್ಡಿಯ ತುದಿಯ ರಸವು ಒಂದು ಪಟ್ಟಿಗೆ ಹರಿಯುತ್ತದೆ. ಆ ಪಟ್ಟಿಯಲ್ಲಿ ಇಂಥ ದ್ರವ್ಯಕ್ಕೆ ಮಾತ್ರ ಅಂಟಿಕೊಳ್ಳಬಲ್ಲ ಪ್ರತಿಕಾಯಗಳಿರುತ್ತವೆ, ಬೀಗಕ್ಕೆ ಕೀಲಿಕೈ ಇದ್ದಂತೆ. ಕೋವಿಡ್ ಕಾಲದ ಪಟ್ಟಿಯನ್ನು ಕಂಡವರಿಗೆ ಇದರ ಬಗೆ ತಿಳಿದೀತು. ಆದರೆ ಒಂದೇ ಕೀಲಿಕೈ ಕೆಲವೊಮ್ಮೆ ದಾಯಾದಿಯ ಬೀಗವನ್ನೂ ತೆರೆಯುತ್ತದೆ. ಅಫೀಮಿನ ಜಾತಿಯ ದ್ರವ್ಯಗಳನ್ನು ಹುಡುಕುವ ಪಟ್ಟಿಗೆ, ವೈದ್ಯರು ಬರೆದುಕೊಟ್ಟ ಕೊಡೀನ್ ಇರುವ ಕೆಮ್ಮಿನ ಔಷಧವೂ ಸಾಕ್ಷಿಯಾಗಬಲ್ಲದು. ನಮ್ಮ ಗಸಗಸೆಯೂ ಅಫೀಮಿನ ಗಿಡದ ಬೀಜವೇ ಆದುದರಿಂದ, ಅದನ್ನು ತಿಂದ ಸ್ವಲ್ಪ ಹೊತ್ತು ಅದರ ಸುಳಿವು ಬಾಯಿಯಲ್ಲಿ ಇರಬಹುದು. ಮದುವೆಯೂಟದ ಪಾಯಸವನ್ನು ಬಿಡಿರೆಂದು ಇದರ ಅರ್ಥವಲ್ಲ!

ಗಾಂಜಾದ ಮಾತು ಇನ್ನೂ ತೊಡಕಿನದು. ಅದನ್ನು ಸೇದಿದಾಗ ಲಾಲಾರಸಕ್ಕೆ ಸೇರುವ ದ್ರವ್ಯವು ಬಹುಪಾಲು ರಕ್ತದಿಂದ ಬಂದದ್ದಲ್ಲ, ಹೊಗೆಯಿಂದ ನೇರವಾಗಿ ಬಾಯಿಗೆ ಅಂಟಿದ್ದು. ಆದುದರಿಂದ ಬಾಯಿಯಲ್ಲಿರುವ ಪ್ರಮಾಣದಿಂದ ಮೆದುಳಿನ ಮಂಪರನ್ನು ಅಳೆಯಲಾಗದು. ಅಲ್ಲದೆ ಗಾಂಜಾ ಬಾಯಿಯನ್ನು ಒಣಗಿಸುತ್ತದೆ. ಪರೀಕ್ಷೆಗೆ ಬೇಕಾದಷ್ಟು ರಸವೇ ದೊರೆಯದಿರುವುದುಂಟು.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು 2004ರ ಡಿಸೆಂಬರಿನಲ್ಲಿ, ಕಂಡಕಂಡ ಚಾಲಕರನ್ನು ತಡೆದು ಲಾಲಾರಸ ನೋಡುವ ಪದ್ಧತಿಯನ್ನು ಜಗತ್ತಿನಲ್ಲಿ ಮೊದಲು ಆರಂಭಿಸಿತು. ಆ ಮೊದಲ ದಿನ ಪತ್ರಿಕೆಯವರ ಕ್ಯಾಮರಾಗಳ ಎದುರಿನಲ್ಲಿ ಒಬ್ಬ ಚಾಲಕನು ‘ಸಿಕ್ಕಿಬಿದ್ದ’. ಆಮೇಲೆ ಪ್ರಯೋಗಶಾಲೆಯು ಅವನನ್ನು ನಿರ್ದೋಷಿಯೆಂದು ತಿಳಿಸಿತು. ಅಷ್ಟರಲ್ಲಿ ಅವನ ಮುಖ ಊರಿಗೆಲ್ಲ ಪರಿಚಿತವಾಗಿತ್ತು. ಅದೇ ದೇಶದ ಲಿಸ್ಮೋರ್ ಎಂಬಲ್ಲಿ 2016ರಲ್ಲಿ ಮತ್ತೊಬ್ಬನು ನ್ಯಾಯಾಲಯಕ್ಕೆ ಬಂದನು. ಸೇದಿ ಒಂಬತ್ತು ದಿನಗಳಾಗಿದ್ದುವೆಂದೂ, ಒಂದು ವಾರ ಬಿಟ್ಟರೆ ಸಾಕೆಂದು ಪೊಲೀಸರೇ ಹಿಂದೆ ತಿಳಿಸಿದ್ದರೆಂದೂ ಹೇಳಿದನು. ನ್ಯಾಯಾಧೀಶರು ಅವನನ್ನು ಬಿಡುಗಡೆ ಮಾಡಿದರು.

2019ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಆ ದೇಶದಲ್ಲಿ ಬಳಕೆಯಲ್ಲಿದ್ದ ಎರಡು ಸಾಧನಗಳನ್ನು ಗಾಂಜಾದ ಮಟ್ಟಿಗೆ ಪರೀಕ್ಷಿಸಿದರು. ಒಂದು ಸಾಧನವು ನೂರಕ್ಕೆ 5ರಷ್ಟು ಸುಳ್ಳು ದೋಷ ಹೊರಿಸಿತು, 16ರಷ್ಟು ನಿಜವನ್ನು ಕಾಣದೆ ಹೋಯಿತು. ಇನ್ನೊಂದರಲ್ಲಿ ಇವು 10 ಮತ್ತು 9. ‘ನೂರರಲ್ಲಿ ಐದು ತಾನೇ’ ಎನ್ನುವಿರೋ? ವಿದ್ಯಾರ್ಥಿಗಳೇ, ಲೆಕ್ಕ ಹಾಕೋಣ. ಸಾವಿರ ಮಂದಿ ಚಾಲಕರಲ್ಲಿ 20 ಮಂದಿ ಮಾತ್ರ ಸೇವಿಸಿದವರೆಂದು ಇಟ್ಟುಕೊಳ್ಳಿ. ಸಾಧನವು ಹತ್ತರಲ್ಲಿ ಒಂಬತ್ತನ್ನು ಸರಿಯಾಗಿ ಹಿಡಿದರೆ 18 ಮಂದಿ ಸಿಕ್ಕರು. ಸೇವಿಸದ 980 ಮಂದಿಯಲ್ಲಿ ನೂರಕ್ಕೆ ಐದರಂತೆ 49 ಮಂದಿಯೂ ಸಿಕ್ಕರು. ಹಿಡಿದ 67ರಲ್ಲಿ 49 ಜನ ನಿರಪರಾಧಿಗಳು! ಸಾಧನವು ಕೆಟ್ಟದ್ದೆಂದಲ್ಲ, ತಪ್ಪಿತಸ್ಥರು ವಿರಳವಾದಲ್ಲಿ ಸಣ್ಣ ದೋಷವೂ ದೊಡ್ಡದಾಗಿ ಕಾಣುತ್ತದೆ.

ಹಾಗೆಂದು ಈ ಪರೀಕ್ಷೆ ಬೇಡವೆನ್ನುವವರ ಪಕ್ಷ ನನ್ನದಲ್ಲ. ಅಮಲಿನಲ್ಲಿರುವವನ ಕೈಯಲ್ಲಿ ನಮ್ಮ ಮಕ್ಕಳಿರುವ ಬಸ್ಸನ್ನು ಕೊಡಲು ಯಾರು ಒಪ್ಪಿಯಾರು? ಸೇವಿಸಿದವನು ಪಟ್ಟಿಯ ಕಣ್ಣಿಗೆ ಬೀಳದೆ ದಾಟಿಹೋಗುವುದೂ ನಿರಪರಾಧಿ ಸಿಕ್ಕಿಬೀಳುವುದರಷ್ಟೇ ಕೆಟ್ಟದ್ದು. ಪಟ್ಟಿಯನ್ನು ಸಂಶಯದ ಆರಂಭವೆಂದು ಎಣಿಸಬೇಕು, ತೀರ್ಪೆಂದು ಎಣಿಸಬಾರದು. ನನ್ನ ವಾದ ಇಷ್ಟೇ. ಇಂಗ್ಲೆಂಡಿನಲ್ಲಿ 2015ರಿಂದ ಜಾರಿಯಲ್ಲಿರುವ ಕ್ರಮ ನನಗೆ ಮೆಚ್ಚುಗೆಯಾದದ್ದು ಇದಕ್ಕಾಗಿಯೇ: ರಸ್ತೆಯಲ್ಲಿ ಲಾಲಾರಸ, ಅನಂತರ ಠಾಣೆಯಲ್ಲಿ ರಕ್ತ, ನ್ಯಾಯಾಲಯದ ಮುಂದೆ ಬರುವುದು ರಕ್ತದಲ್ಲಿ ಕಂಡ ಪ್ರಮಾಣ.

ನಮ್ಮ ಮೋಟಾರು ವಾಹನ ಕಾಯಿದೆಯ 185ನೆಯ ಕಲಮು ಮದ್ಯಕ್ಕೆ ಒಂದು ಅಳತೆಯನ್ನು ಹೇಳಿದೆ, 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂ. ಮಾದಕ ದ್ರವ್ಯಕ್ಕೆ ಅಂಥ ಅಂಕೆಯಿಲ್ಲ. ವಾಹನವನ್ನು ಸರಿಯಾಗಿ ಹತೋಟಿಯಲ್ಲಿಡಲಾರದಷ್ಟು ಅದರ ಪ್ರಭಾವಕ್ಕೆ ಒಳಗಾಗಿರಬೇಕು ಎಂದಿದೆ. (ಸೇವನೆಯು ಬೇರೊಂದು ಕಾಯಿದೆಯಲ್ಲಿ ಅಪರಾಧವೇ ಎಂಬುದನ್ನು ಹುಡುಗರು ಮರೆಯಬಾರದು.) ಹತೋಟಿ ತಪ್ಪಿತ್ತೇ ಎಂಬ ಪ್ರಶ್ನೆಗೆ ಪಟ್ಟಿಯ ಮೇಲಿನ ಗೆರೆ ಉತ್ತರ ಕೊಡಲಾರದು. ಅದಕ್ಕೆ ವೈದ್ಯರ ಕಣ್ಣು ಬೇಕು, ಪ್ರಯೋಗಶಾಲೆಯ ವರದಿ ಬೇಕು.

ಚಾಲಕರಾದ ರಕ್ಷಕರಲ್ಲಿ ನನ್ನ ವಿನಂತಿ ಇಷ್ಟು: ಔಷಧ ಸೇವಿಸುವವರು ವೈದ್ಯರ ಚೀಟಿಯನ್ನು ಗಾಡಿಯಲ್ಲಿ ಇರಿಸಿಕೊಳ್ಳಿ. ನಾಳೆ ತಲಪಾಡಿಯಲ್ಲೋ ಕುಂಬಳೆಯಲ್ಲೋ ತಡೆದರೆ ಪರೀಕ್ಷೆಗೆ ಮರ್ಯಾದೆಯಿಂದ ಒಪ್ಪಿಕೊಳ್ಳಿ. ತೆಗೆದುಕೊಂಡ ಔಷಧದ ಹೆಸರನ್ನು ಮೊದಲೇ ತಿಳಿಸಿ. ಫಲ ವಿರುದ್ಧವಾಗಿ ಬಂದರೆ ಜಗಳಕ್ಕೆ ನಿಲ್ಲದೆ, ರಕ್ತವನ್ನು ಪ್ರಯೋಗಶಾಲೆಗೆ ಕಳುಹಿಸಬೇಕೆಂದು ಬರೆದು ಕೇಳಿ.

ಹತ್ತನೆಯ ತರಗತಿಯವರಿಗೆ ಒಂದು ಲೆಕ್ಕವಿದೆ. ಎಲ್ಲರನ್ನೂ ತಡೆಯದೆ, ಅಡ್ಡಾದಿಡ್ಡಿಯಾಗಿ ಓಡಿಸಿದ ಸಾವಿರ ಮಂದಿಯನ್ನು ಮಾತ್ರ ತಡೆದರೆಂದೂ, ಅವರಲ್ಲಿ 400 ಮಂದಿ ಸೇವಿಸಿದವರೆಂದೂ ಇಟ್ಟುಕೊಳ್ಳಿ. ಸಾಧನ ಅದೇ, ದೋಷದ ಪ್ರಮಾಣವೂ ಅದೇ. ಸಿಕ್ಕಿದವರಲ್ಲಿ ನಿರಪರಾಧಿಗಳೆಷ್ಟು? ಸೋಮವಾರ ನನಗೆ ತಂದು ತೋರಿಸಿರಿ.