ಮೊದಲ ಕೊಯ್ತಕ್ಕೂ ಮುಂಚೆ

ತನ್ನ ಬೆನ್ನು ತನಗೆ ಕಾಣದು ಎನ್ನುವ ಮಾತು ವೈದ್ಯರಿಗೂ ಸಲ್ಲುತ್ತದೆ. ನೆದರ್‌ಲೆಂಡ್ಸಿನ ಸಾರ್ಕೋಮಾ ತಜ್ಞರು ಆ ಬೆನ್ನನ್ನು ನೋಡಿಕೊಳ್ಳುವ ಸಾಹಸಕ್ಕೆ ಕೈಹಾಕಿದರು. ಖ್ರೋನಿಂಗನ್ನಿನ ಶಸ್ತ್ರವೈದ್ಯ ಹರಾಲ್ಡ್ ಹೂಕ್‌ಸ್ಟ್ರಾ ಮತ್ತು ಸಂಗಡಿಗರು, 2006ರಿಂದ 2011ರವರೆಗೆ ಆ ದೇಶದಲ್ಲಿ ಮೃದು ಅಂಗಾಂಶದ ಸಾರ್ಕೋಮಾ ಪತ್ತೆಯಾದ ಮೂರು ಸಾವಿರಕ್ಕೂ ಹೆಚ್ಚು ವಯಸ್ಕರ ದಾಖಲೆಗಳನ್ನು ತೆಗೆದು ಮಾರ್ಗಸೂಚಿಯ ಪಕ್ಕಕ್ಕಿಟ್ಟು ನೋಡಿದರು. 2017ರಲ್ಲಿ ‘ಆ್ಯನಲ್ಸ್ ಆಫ್ ಸರ್ಜಿಕಲ್ ಆಂಕಾಲಜಿ’ ಪತ್ರಿಕೆಯಲ್ಲಿ ಬಂದ ಆ ಲೇಖನದ ತೀರ್ಮಾನ ಶೀರ್ಷಿಕೆಯಲ್ಲೇ ಇತ್ತು: ಸಾರ್ಕೋಮಾಕ್ಕೆಂದೇ ಮೀಸಲಾದ ಕೇಂದ್ರಗಳು ಬೇಕು ಎಂಬ ಮನವಿ. ಎಲ್ಲವೂ ನೆಟ್ಟಗಿದ್ದಿದ್ದರೆ ಯಾರೂ ಹಾಗೆ ಮನವಿ ಮಾಡುತ್ತಿರಲಿಲ್ಲ.

ಈ ವಿಚಾರ ಸಂಕಿರಣ ಎತ್ತಿಕೊಂಡಿರುವ ಪ್ರಶ್ನೆಯೂ ಅದೇ. ಕ್ಯಾನ್ಸರ್ ತಜ್ಞರು ಸಾರ್ಕೋಮಾ ಮಾರ್ಗಸೂಚಿಯನ್ನು ಎಷ್ಟರಮಟ್ಟಿಗೆ ಪಾಲಿಸುತ್ತಾರೆ? ಪ್ರಶ್ನೆಯಲ್ಲಿ ಒಂದು ತೊಡಕಿದೆ. ಈ ಕಾಯಿಲೆಯಲ್ಲಿ ಕೆಲಸ ಕೆಡುವುದು ಬಹುಮಟ್ಟಿಗೆ ರೋಗಿ ತಜ್ಞರ ಕೈಗೆ ಬರುವ ಮುಂಚೆಯೇ.

ವಯಸ್ಕರ ಕ್ಯಾನ್ಸರುಗಳಲ್ಲಿ ಸಾರ್ಕೋಮಾದ ಪಾಲು ಶೇ. 1ರ ಆಸುಪಾಸು. ಆ ಒಂದರೊಳಗೆ 70ಕ್ಕೂ ಮೀರಿದ ಉಪಬಗೆಗಳು. ತೊಡೆಯಲ್ಲೋ ತೋಳಿನಲ್ಲೋ ಗಂಟು ಎಂದು ಬರುವವರಲ್ಲಿ ಹೆಚ್ಚಿನವರದು ಕೊಬ್ಬಿನ ಗಂಟು. ನೋವಿಲ್ಲದ ಗಂಟನ್ನು ಅರ್ಧ ಗಂಟೆಯಲ್ಲಿ ತೆಗೆದು ಮನೆಗೆ ಕಳಿಸುವುದು ಯಾವ ಸರ್ಜನ್ನಿಗೂ ಸಹಜವಾಗಿ ಕಾಣುತ್ತದೆ. ಮಾರ್ಗಸೂಚಿ ತಡೆಯುವುದು ಈ ಸಹಜತೆಯನ್ನೇ: ಗಂಟು 5 ಸೆಂ.ಮೀ.ಗಿಂತ ದೊಡ್ಡದಿದ್ದರೆ, ಸ್ನಾಯುವಿನ ಹೊದಿಕೆಗಿಂತ ಆಳದಲ್ಲಿದ್ದರೆ ಅಥವಾ ಬೆಳೆಯುತ್ತಿದ್ದರೆ ಮೊದಲು ಎಂಆರ್‌ಐ, ಆಮೇಲೆ ದಪ್ಪ ಸೂಜಿಯ ಬಯಾಪ್ಸಿ, ಆಮೇಲಷ್ಟೇ ಚಾಕು.

ಇದನ್ನು ಮೀರಿದರೆ ಏನಾಗುತ್ತದೆಂದು ನೋಡಲು ಆಪರೇಷನ್ ಟೇಬಲ್ಲಿನ ಹತ್ತಿರ ಹೋಗಬೇಕು. ಸಾರ್ಕೋಮಾ ಎಂದು ಗೊತ್ತಿದ್ದ ಸರ್ಜನ್ ಕಾಲಿನ ಮೇಲೆ ಉದ್ದುದ್ದಕ್ಕೆ ಕೊಯ್ಯುತ್ತಾರೆ, ಗಡ್ಡೆಯನ್ನು ಮುಟ್ಟದೆ ಸುತ್ತಲಿನ ಆರೋಗ್ಯವಂತ ಅಂಗಾಂಶದ ಸಮೇತ ತೆಗೆಯುತ್ತಾರೆ, ರಕ್ತ ಬಸಿಯುವ ಕೊಳವೆಯನ್ನು ಗಾಯದ ಗೆರೆಗೆ ನೇರವಾಗಿ, ಪಕ್ಕದಲ್ಲೇ ಹೊರತರುತ್ತಾರೆ. ಕೊಬ್ಬಿನ ಗಂಟೆಂದುಕೊಂಡವರು ಅಡ್ಡಡ್ಡ ಕೊಯ್ದು, ಗಡ್ಡೆಯನ್ನು ಚಿಪ್ಪಿನಿಂದ ಸುಲಿದ ಹಾಗೆ ಎತ್ತಿ, ಕೊಳವೆಯನ್ನು ದೂರದಲ್ಲೆಲ್ಲೋ ಬಿಟ್ಟಿರುತ್ತಾರೆ. ಪೆಥಾಲಜಿ ವರದಿ ಬಂದ ದಿನ, ಚಾಕು ಆಡಿದ ಜಾಗವೆಲ್ಲ, ಆ ಕೊಳವೆಯ ದಾರಿಯೂ ಸೇರಿ, ಮತ್ತೆ ಕತ್ತರಿಸಬೇಕಾದ ಜಾಗವಾಗುತ್ತದೆ. ಇಷ್ಟಾದ ಮೇಲೆ ಟ್ಯೂಮರ್ ಬೋರ್ಡಿನಲ್ಲಿ ಕೂತು ಎಷ್ಟು ನಿಷ್ಠೆಯಿಂದ ಮಾರ್ಗಸೂಚಿ ಪಾಲಿಸಿದರೂ ಅದು ಹಾಳಾದುದರ ದುರಸ್ತಿ ಮಾತ್ರ.

ಎರಡನೆಯ ತೊಡಕು ಮೈಕ್ರೋಸ್ಕೋಪಿನಡಿ. ಫ್ರಾನ್ಸ್ ಮತ್ತು ಇಟಲಿಯ ಮೂರು ಪ್ರಾಂತ್ಯಗಳ 1,463 ರೋಗಿಗಳ ಸ್ಲೈಡುಗಳನ್ನು ಸಾರ್ಕೋಮಾ ಬಲ್ಲ ಪೆಥಾಲಜಿಸ್ಟರು ಮರುಪರಿಶೀಲಿಸಿದಾಗ, ಮೊದಲ ವರದಿಯೊಡನೆ ಪೂರ್ತಿ ತಾಳೆಯಾದದ್ದು ಶೇ. 56ರಲ್ಲಿ ಮಾತ್ರ. ಉಪಬಗೆಯೋ ಗ್ರೇಡೋ ತಪ್ಪಿದ್ದರೆ ರೇಡಿಯೇಷನ್ ಕೊಡಬೇಕೇ ಬೇಡವೇ ಎಂಬ ತೀರ್ಮಾನವೂ ಹಳಿ ತಪ್ಪುತ್ತದೆ.

ಡಚ್ಚರಿಗೆ ತಮ್ಮ ಲೋಪ ಕಂಡದ್ದು ಹೇಗೆ? ಅಲ್ಲಿ 1989ರಿಂದ ಇಡೀ ದೇಶಕ್ಕೊಂದು ಕ್ಯಾನ್ಸರ್ ನೋಂದಣಿಯಿದೆ. 1971ರಲ್ಲಿ ಹುಟ್ಟಿದ ‘ಪಲ್ಗಾ’ ಎಂಬ ಪೆಥಾಲಜಿ ಜಾಲ ಅದಕ್ಕೆ ಸುದ್ದಿ ಮುಟ್ಟಿಸುತ್ತದೆ. ಯಾವುದೋ ಊರಿನ ಲ್ಯಾಬಿನಲ್ಲಿ ಗಡ್ಡೆ ಕ್ಯಾನ್ಸರೆಂದು ಗೊತ್ತಾದರೆ ಸಾಕು, ಆಸ್ಪತ್ರೆ ತಾನಾಗಿ ಹೇಳಲಿ ಬಿಡಲಿ, ಪ್ರಕರಣ ಲೆಕ್ಕಕ್ಕೆ ಸಿಗುತ್ತದೆ. ತಮ್ಮ ಆಸ್ಪತ್ರೆಯ ಒಳ್ಳೆಯ ಫಲಿತಾಂಶಗಳನ್ನಷ್ಟೇ ಪ್ರಬಂಧಕ್ಕೆ ಹಾಕುವ ಚಪಲ ಎಲ್ಲ ದೇಶದವರಿಗೂ ಇದೆ. ಇಂಥ ನೋಂದಣಿ ಅದಕ್ಕೆ ಲಗಾಮು. ಆಮ್ಸ್ಟರ್‌ಡಾಮಿನ ಆಂಟೋನಿ ಫಾನ್ ಲೇವೆನ್‌ಹುಕ್, ಲೈಡನ್, ರಾಟರ್‌ಡಾಮ್, ನೈಮೇಖನ್, ಖ್ರೋನಿಂಗನ್ನಿನ ಆಸ್ಪತ್ರೆಗಳು ಇಂದು ಸಾರ್ಕೋಮಾ ಪರಿಣತಿಯ ಕೇಂದ್ರಗಳು. ಮಕ್ಕಳ ಕ್ಯಾನ್ಸರಿನಲ್ಲಂತೂ ಆ ದೇಶ ಇನ್ನೂ ಮುಂದೆ ಹೋಗಿ 2018ರಲ್ಲಿ ಯುಟ್ರೆಕ್ಟಿನ ಪ್ರಿನ್ಸೆಸ್ ಮ್ಯಾಕ್ಸಿಮಾ ಕೇಂದ್ರಕ್ಕೇ ಎಲ್ಲವನ್ನೂ ತಂದಿತು.

ಮೀಸಲು ಕೇಂದ್ರಗಳು ಬೇಕೆಂಬ ವಾದಕ್ಕೆ ಫ್ರಾನ್ಸಿನ ‘ನೆಟ್‌ಸಾರ್ಕ್’ ಎಂಬ ಸಾರ್ಕೋಮಾ ಜಾಲದ ಲೆಕ್ಕವೂ ಬಲ ಕೊಡುತ್ತದೆ. 12,528 ರೋಗಿಗಳಲ್ಲಿ, ಚಿಕಿತ್ಸೆ ಶುರುವಾಗುವ ಮುಂಚೆಯೇ ತಜ್ಞರ ಟ್ಯೂಮರ್ ಬೋರ್ಡಿನ ಮುಂದೆ ಬಂದವರು ಅರ್ಧಕ್ಕಿಂತ ಕಡಿಮೆ. ಹಾಗೆ ಬಂದವರಲ್ಲಿ ಮಾರ್ಗಸೂಚಿಯ ಪಾಲನೆ ಉತ್ತಮವಾಗಿತ್ತು, ಕಾಯಿಲೆ ಮರುಕಳಿಸಿದ್ದೂ ಕಡಿಮೆ.

ಹಾಗೆಂದು ಪ್ರತಿ ವಿಚಲನೆಯೂ ಅಪರಾಧವಲ್ಲ. ಎಂಬತ್ತು ದಾಟಿದ, ಹೃದಯ ದುರ್ಬಲವಾಗಿರುವ ಹಿರಿಯರು ಐದು ವಾರ ರೇಡಿಯೇಷನ್ನಿಗೆ ಓಡಾಡಲಾರೆ ಎಂದರೆ ವೈದ್ಯರು ಒಪ್ಪಬೇಕಾಗುತ್ತದೆ. ಮಾರ್ಗಸೂಚಿಯ ಒಳಗೇ ಇಬ್ಬರು ವೈದ್ಯರು ಬೇರೆ ಬೇರೆ ದಾರಿ ಹಿಡಿಯಲೂಬಹುದು. ಶಸ್ತ್ರಚಿಕಿತ್ಸೆಗೆ ಮುಂಚೆ ರೇಡಿಯೇಷನ್ ಕೊಟ್ಟರೆ ಗಾಯದ ತೊಂದರೆ ಶೇ. 35, ಆಮೇಲೆ ಕೊಟ್ಟರೆ ಶೇ. 17 ಎಂದು 2002ರ ಕೆನಡಾದ ಅಧ್ಯಯನ ತೋರಿಸಿತು. ಆದರೆ ಆಮೇಲೆ ಕೊಡುವಾಗ ಡೋಸ್ ಹೆಚ್ಚು, ವರ್ಷಗಳ ನಂತರ ಕೈಕಾಲು ಬಿಗಿಯುವ ಸಾಧ್ಯತೆಯೂ ಹೆಚ್ಚು. ಯಾವ ಗಾಯದ ಜಾಗ, ಯಾರ ಕಾಲು ಎಂಬುದನ್ನು ನೋಡದೆ ಇಲ್ಲಿ ಸರಿತಪ್ಪು ಹೇಳಲಾಗದು.

ಎಲ್ಲಕ್ಕಿಂತ ಸೊಗಸಾದ ವಿಚಲನೆಯೂ ಡಚ್ಚರದೇ. ಮಿಕ್ಸಾಯ್ಡ್ ಲೈಪೋಸಾರ್ಕೋಮಾ ಎಂಬ ಬಗೆ ರೇಡಿಯೇಷನ್ನಿಗೆ ಬೇಗ ಕರಗುತ್ತದೆ. ಹಾಗಿದ್ದೂ ಎಲ್ಲರಿಗೂ ಕೊಡುವ 25 ಸಿಟಿಂಗ್‌ಗಳ 50 ಗ್ರೇ ಇದಕ್ಕೂ ಏಕೆ? ಆಮ್ಸ್ಟರ್‌ಡಾಮಿನ ರಿಕ್ ಹಾಸ್ ಮತ್ತು ತಂಡದವರ ‘ಡೊರೆಮಿ’ ಪ್ರಯೋಗದಲ್ಲಿ 18 ಸಿಟಿಂಗ್‌ಗಳಲ್ಲಿ 36 ಗ್ರೇ ಕೊಟ್ಟು ನೋಡಿದರು. 79 ರೋಗಿಗಳು ಸೇರಿದ್ದ ಈ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು: ಆಪರೇಷನ್ ಆದ ಯಾರಲ್ಲೂ ಗಡ್ಡೆ ಅದೇ ಜಾಗದಲ್ಲಿ ಮತ್ತೆ ಬೆಳೆದಿರಲಿಲ್ಲ. ನಿಯಮ ಮೀರುವುದಿದ್ದರೆ ಹೀಗೆ, ಕಾರಣ ಬರೆದಿಟ್ಟು, ನೈತಿಕ ಸಮಿತಿಯ ಒಪ್ಪಿಗೆ ಪಡೆದು, ರೋಗಿಗೆ ತಿಳಿಸಿ ಮೀರಬೇಕು.

ಕರ್ನಾಟಕದ ಸ್ಥಿತಿ ಬೇರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೆ, ನಗರದ ಕ್ಯಾನ್ಸರ್ ನೋಂದಣಿಗೆ ನಾಲ್ಕು ದಶಕ ದಾಟಿದೆ, 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಮಾರ್ಗಸೂಚಿಗಳನ್ನೂ ಹೊರತಂದಿದೆ. ಆದರೆ ಬೀದರಿನಿಂದ ಬೆಂಗಳೂರು ಒಂದು ಇಡೀ ರಾತ್ರಿಯ ದಾರಿ. ಡಚ್ ನಕ್ಷೆಯನ್ನು ಇಲ್ಲಿ ಹಾಸಿದರೆ ಹೊಂದುವುದಿಲ್ಲ. ರೋಗಿಯನ್ನು ಅಲೆಸುವ ಮೊದಲು ಬಯಾಪ್ಸಿಯ ಮೇಣದ ಬ್ಲಾಕನ್ನೂ ಎಂಆರ್‌ಐ ಚಿತ್ರಗಳನ್ನೂ ಕಳಿಸಬಹುದು. ಬೋರ್ಡಿನ ಸಭೆ ವೀಡಿಯೊದಲ್ಲಿ ನಡೆಯಬಹುದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಬ್ಲಾಕ್ ಯಾರು ಕಳಿಸಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು, ಖರ್ಚು ಯಾರದು ಎಂಬ ಒಪ್ಪಂದ ಸಾಕು.

ಮಧ್ಯಾಹ್ನದ ಗೋಷ್ಠಿಗಳಿಗೆ ಇಲ್ಲೊಂದು ಕೆಲಸ ಕಾದಿದೆ. ಪ್ರತಿ ಸಾರ್ಕೋಮಾ ರೋಗಿಯ ಫೈಲಿನ ಮೊದಲ ಪುಟದಲ್ಲಿ ಕೆಲವು ವಿವರ ಕಡ್ಡಾಯವಾಗಲಿ: ಕೊಯ್ಯುವ ಮೊದಲು ಎಂಆರ್‌ಐ ಆಗಿತ್ತೇ, ಬಯಾಪ್ಸಿ ಆಗಿತ್ತೇ, ಗ್ರೇಡ್ ಬರೆದಿದ್ದಾರೆಯೇ, ಬೋರ್ಡ್ ನೋಡಿತೇ, ಮಾರ್ಗಸೂಚಿ ಬಿಟ್ಟಿದ್ದರೆ ಏಕೆ. ಒಪ್ಪಿಕೊಂಡ ಆಸ್ಪತ್ರೆಗಳು ಮುಂದಿನ ಸಂಕಿರಣಕ್ಕೆ ಈ ಪುಟಗಳ ಒಟ್ಟು ಲೆಕ್ಕ ತರಲಿ; ಹೊರಗಿನಿಂದ ಬಂದ ಕೇಸುಗಳನ್ನು ಅದರಲ್ಲಿ ಬೇರೆಯಾಗಿ ಎಣಿಸಿರಲಿ.